ದಡ ಮತ್ತು ಡೆಕ್ಕಿನ ನಡುವೆ: ಶರಾವತಿ ಹಿನ್ನೀರಿನ ಒಂದು ಗಾಲಿಕುರ್ಚಿ ಪ್ರಕರಣ

ವಿಹಾರಕ್ಕೆಂದೇ ಕಟ್ಟಿದ ದೋಣಿ ಗಾಲಿಕುರ್ಚಿಯಲ್ಲಿದ್ದ ಮನುಷ್ಯನನ್ನು ಹತ್ತಿಸಿಕೊಳ್ಳಲಿಲ್ಲ. ಬಸ್ಸು, ಜೀಪು, ಗೊಬ್ಬರದ ಮೂಟೆ ದಾಟಿಸಲು ಕಟ್ಟಿದ ಲಾಂಚ್ ಹತ್ತಿಸಿಕೊಂಡಿತು. ಪ್ರಕರಣ ಇಷ್ಟೇ. ಆದರೆ ಯಾಕೆ ಹೀಗಾಯಿತು ಎಂದು ಅಳತೆಪಟ್ಟಿ ಹಿಡಿದು ನೋಡಿದರೆ, ನಮ್ಮ ಜಲಾಶಯಗಳಲ್ಲಿ ಅಂಗವಿಕಲರ ದೋಣಿ ವಿಹಾರದ ಬಗ್ಗೆ ನಡೆಯುವ ಮಾತುಕತೆಯಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗುತ್ತಿದೆ ಎನ್ನುವುದು ಗೊತ್ತಾಗುತ್ತದೆ. ನಾನು ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಸುತ್ತಮುತ್ತಲ ಮನೆಗಳಿಗೆ, ಶಾಲೆಗಳಿಗೆ ಇಳಿಜಾರು ಹಾದಿ, ಕೈಗಂಬಿ, ಶೌಚಾಲಯ ಮಾಡಿಸಿಕೊಡುವ ಸಿವಿಲ್ ಇಂಜಿನಿಯರ್. ಹಾಗಾಗಿ ಈ ಬರಹದಲ್ಲಿ ಅಡಿ, ಮೀಟರುಗಳ ಲೆಕ್ಕ ಸ್ವಲ್ಪ ಹೆಚ್ಚೇ ಇದೆ.

ಪ್ರಕರಣದ ವ್ಯಕ್ತಿ ನಲವತ್ತು ದಾಟಿದ ಕೊನೆಗಾರ, ಅಂದರೆ ಅಡಿಕೆ ಮರ ಹತ್ತಿ ಗೊನೆ ಇಳಿಸುತ್ತಿದ್ದವರು. ಹೆಸರು ಇಲ್ಲಿ ಬೇಡ, ಕೊನೆಗಾರರು ಎಂದೇ ಬರೆಯುತ್ತೇನೆ. ಮರ ಹತ್ತುವುದನ್ನು ಬಿಟ್ಟು ವರ್ಷಗಳಾದರೂ ಆ ಹೆಸರಿನಿಂದ ಕರೆದರೇ ಅವರಿಗೆ ಖುಷಿ. ಮಳೆಗಾಲದಲ್ಲಿ ಅಡಿಕೆ ಗೊನೆಗಳಿಗೆ ಕೊಳೆರೋಗ ತಡೆಯುವ ಬೋರ್ಡೊ ದ್ರಾವಣ ಹೊಡೆಯುವಾಗ ಪಾಚಿ ಕಟ್ಟಿದ ಮರದಿಂದ ಜಾರಿ ಬಿದ್ದರು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನವೂ ಹೋಯಿತು, ಸ್ಪರ್ಶವೂ ಹೋಯಿತು. ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ ಬೆನ್ನುಹುರಿಗೆ ಗಾಯವಾದವರ ಮನೆಗೆ ಹೋದರೆ ಅಡಿಕೆ ಮರದ ಅಥವಾ ತೆಂಗಿನ ಮರದ ಕಥೆ ಕೇಳಿಬರುವುದು ಹೊಸತೇನಲ್ಲ. ಅವರ ತೋಳುಗಳಲ್ಲಿ ಮಾತ್ರ ಇಂದಿಗೂ ಮರ ಹತ್ತುವವನ ಕಸುವಿದೆ. ಕುರ್ಚಿಯನ್ನು ತಾವೇ ತಳ್ಳಿಕೊಳ್ಳುತ್ತಾರೆ, ಇನ್ನೊಬ್ಬರು ತಳ್ಳಿದರೆ ಸಿಡುಕುತ್ತಾರೆ.

ಅವರ ಬೇಡಿಕೆ ಸಣ್ಣದು: ನೀರಿನ ಮೇಲೆ ಒಂದಷ್ಟು ಹೊತ್ತು ಕೂತು ಸುತ್ತಲಿನ ಗುಡ್ಡ ನೋಡಬೇಕು.

ಮೊದಲು ಹೋದದ್ದು ಬೇರೊಂದು ಜಲಾಶಯದ ದೋಣಿ ವಿಹಾರ ಕೇಂದ್ರಕ್ಕೆ. ಅದು ಯಾವುದು ಎನ್ನುವುದು ಇಲ್ಲಿ ಮುಖ್ಯವಲ್ಲ, ಅಂಥವು ನಾಡಿನಲ್ಲಿ ಬೇಕಾದಷ್ಟಿವೆ. ಟಿಕೆಟ್ ಕೌಂಟರಿಗೆ ಚೆಂದದ ಇಳಿಜಾರು ಹಾದಿ ಇತ್ತು, ಗೋಡೆಯ ಮೇಲೆ ಗಾಲಿಕುರ್ಚಿಯ ನೀಲಿ ಚಿತ್ರವೂ ಇತ್ತು. ಅಲ್ಲಿಂದ ಮುಂದೆ ನೀರಿನವರೆಗೆ ಕಲ್ಲಿನ ಮೆಟ್ಟಿಲು. ಮೆಟ್ಟಿಲು ಮುಗಿದಲ್ಲಿ ಕಾಂಕ್ರೀಟಿನ ಕಟ್ಟೆ, ಕಟ್ಟೆಯಿಂದ ಮೊಣಕಾಲಿನಷ್ಟು ಕೆಳಗೆ ದೋಣಿಯ ಅಂಚು, ಅಂಚು ದಾಟಿದರೆ ಇನ್ನೂ ಕೆಳಗೆ ತಳದ ಹಲಗೆ. ನಡುವೆ ಒಂದು ಗೇಣು ಅಗಲದ ನೀರು, ಅಲೆ ಬಂದಾಗ ಎರಡು ಗೇಣು. ಅಲ್ಲಿನ ಹುಡುಗರು ಒಳ್ಳೆಯವರೇ. "ಎತ್ತಿಕೊಂಡು ಹೋಗಿ ಕೂರಿಸುತ್ತೇವೆ ಅಣ್ಣ, ಎರಡು ನಿಮಿಷದ ಕೆಲಸ" ಎಂದರು. ಮೇಲ್ವಿಚಾರಕರು ನಡುವೆ ಬಂದು, ಏನಾದರೂ ಆದರೆ ತಮ್ಮ ಹೊಣೆಯಲ್ಲ ಎಂದು ಮುಚ್ಚಳಿಕೆ ಬರೆದುಕೊಡಿ ಎಂದರು. ಕೊನೆಗಾರರು ಎರಡಕ್ಕೂ ಒಪ್ಪಲಿಲ್ಲ.

ಎತ್ತಿಸಿಕೊಳ್ಳಲು ಒಪ್ಪದ್ದು ಬರಿಯ ಬಿಗುಮಾನದಿಂದ ಎಂದು ಆ ಹುಡುಗರು ತಿಳಿದಿರಬೇಕು. ಹಾಗಲ್ಲ. ಸ್ಪರ್ಶವಿಲ್ಲದ ಮೈಯನ್ನು ಕಂಕುಳಿಗೆ, ಮಂಡಿಗೆ ಕೈ ಹಾಕಿ ಎತ್ತಿ, ದೋಣಿಯ ಅಂಚಿಗೆ ತಾಗಿಸಿ ಎಳೆದರೆ ಪೃಷ್ಠದ ಚರ್ಮ ತರಚುತ್ತದೆ. ತರಚಿದ್ದು ಅವರಿಗೆ ಗೊತ್ತೇ ಆಗುವುದಿಲ್ಲ. ಸಂಜೆ ಮನೆಯಲ್ಲಿ ಹೆಂಡತಿ ನೋಡಿದಾಗ ಕೆಂಪು ಕಲೆ, ವಾರದಲ್ಲಿ ಹುಣ್ಣು. ಕುಳಿತಲ್ಲೇ ಕುಳಿತವರ ಹುಣ್ಣು ಒಣಗಲು ತಿಂಗಳುಗಟ್ಟಲೆ ಬೋರಲು ಮಲಗಬೇಕಾಗುತ್ತದೆ, ಸೋಂಕು ಒಳಗಿಳಿದರೆ ಪ್ರಾಣಕ್ಕೇ ಬರುತ್ತದೆ. ಇನ್ನು ದೋಣಿಯ ಹಲಗೆಯ ಬೆಂಚು. ಗಾಲಿಕುರ್ಚಿಯಲ್ಲಿ ಅವರು ಕೂರುವುದು ಒತ್ತಡ ಹಂಚುವ ದಪ್ಪ ದಿಂಬಿನ ಮೇಲೆ, ಬೆನ್ನಿಗೆ ಆಸರೆ ಇಟ್ಟುಕೊಂಡು. ಸೊಂಟದ ಸ್ನಾಯುಗಳಿಗೆ ಹಿಡಿತವಿಲ್ಲದವನನ್ನು ಆಸರೆಯಿಲ್ಲದ ಬೆಂಚಿನ ಮೇಲೆ ಕೂರಿಸಿದರೆ ದೋಣಿ ವಾಲಿದ ಕಡೆಗೆ ಅವನೂ ವಾಲುತ್ತಾನೆ. ಎರಡೂ ಕೈಗಳು ಕಂಬಿ ಹಿಡಿದುಕೊಳ್ಳುವುದಕ್ಕೇ ಮೀಸಲು. ಗುಡ್ಡ ನೋಡಿದ ಹಾಗೆಯೇ!

ಮುಚ್ಚಳಿಕೆಯ ವಿಷಯಕ್ಕೆ ಬಂದರೆ, ದೋಣಿಯವರ ಭಯಕ್ಕೂ ಒಂದು ಹಿನ್ನೆಲೆಯಿದೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ, ಪೆರಿಯಾರ್ ಜಲಾಶಯದ ಎರಡಂತಸ್ತಿನ ವಿಹಾರ ದೋಣಿ ಮಗುಚಿ 45 ಜನ ಸತ್ತರು. ಅಂದಿನಿಂದ ದೇಶದಲ್ಲಿ ಎಲ್ಲಿ ದೋಣಿ ದುರಂತವಾದರೂ ಅದರ ಮರುವಾರ ಎಲ್ಲ ಕಡೆ ಬಿಗಿ, ಆ ಬಿಗಿಯಲ್ಲಿ ಮೊದಲು ಹೊರಗುಳಿಯುವವರು ಅಂಗವಿಕಲರು. ಆದರೆ ಅಲ್ಲಿ ದೋಣಿ ಮಗುಚಿದ್ದು ಮೇಲಂತಸ್ತಿನ ಜನ ಒಂದೇ ಬದಿಗೆ ನುಗ್ಗಿದಾಗ. ಕೆಳಗಿನ ಡೆಕ್ಕಿನಲ್ಲಿ ಬ್ರೇಕ್ ಹಾಕಿ, ಕಟ್ಟಿ ನಿಲ್ಲಿಸಿದ ಗಾಲಿಕುರ್ಚಿಯವನು ಎಲ್ಲಿಗೂ ನುಗ್ಗಲಾರ. ದೋಣಿಯ ಸಮತೋಲದ ದೃಷ್ಟಿಯಿಂದ ಅವನಷ್ಟು ವಿಧೇಯ ಪ್ರಯಾಣಿಕ ಇನ್ನೊಬ್ಬನಿಲ್ಲ ಎಂದು ಮೇಲ್ವಿಚಾರಕರಿಗೆ ಹೇಳಿದೆ. ಅವರು ನಕ್ಕರು, ಮುಚ್ಚಳಿಕೆಯ ಮಾತನ್ನು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ.

ವಾಪಸು ಬರುವಾಗ ಕೊನೆಗಾರರೇ ಹೇಳಿದರು: "ಇಂಜಿನಿಯರ್ರೇ, ಇದಕ್ಕಿಂತ ನಮ್ಮ ಹೊಳೆಬಾಗಿಲಿನ ಲಾಂಚೇ ವಾಸಿ. ಅದರಲ್ಲಿ ಬಸ್ಸೇ ಹತ್ತುತ್ತದೆ."

ಹೊಳೆಬಾಗಿಲು ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹಬ್ಬಿದಾಗ ಸಾಗರ ತಾಲ್ಲೂಕಿನ ತುಮರಿ ಭಾಗದ ಊರುಗಳು ನೀರಿನಾಚೆ ಉಳಿದುಬಿಟ್ಟವು. ನಾಡಿಗೆ ಬೆಳಕು ಕೊಟ್ಟವರು ದ್ವೀಪವಾಸಿಗಳಾದರು. ಹೊಳೆಬಾಗಿಲು ಎಂದರೆ ಅವರು ನೀರು ದಾಟುತ್ತಿದ್ದ ಜಾಗ; ಈಚೆ ದಡದ ಅಂಬಾರಗೋಡ್ಲಿನಿಂದ ಆಚೆಯ ಕಳಸವಳ್ಳಿಗೆ ನೇರವಾಗಿ ದಾಟಲು ಲಾಂಚ್ ಒಂದೇ ದಾರಿಯಾಗಿತ್ತು. ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಬರುವ ಭಕ್ತರು ಹೆಚ್ಚಿದ ಮೇಲೆ ರಜಾ ದಿನಗಳಲ್ಲಿ ಅಲ್ಲಿ ಕಾರುಗಳ ಸಾಲು ಇರುತ್ತಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿತೆಂದರೆ ಹೆರಿಗೆ ನೋವೇ ಬರಲಿ, ಹಾವೇ ಕಚ್ಚಲಿ, ನೀರು ದಾಟುವುದು ದೇವರ ಮೇಲೆ ಭಾರವಾಗಿತ್ತು. ಅಲ್ಲಿನ ಜನ ಸೇತುವೆಗಾಗಿ ದಶಕಗಳ ಕಾಲ ಕೂಗಿದ್ದಾರೆ. ಅದು ಕೊನೆಗೂ ಬಂತು. ಎರಡು ಕಿಲೋಮೀಟರಿಗೂ ಉದ್ದದ, ತೂಗುಕಂಬಿಗಳ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಈ ಪ್ರಕರಣ ಅದಕ್ಕಿಂತ ಹಿಂದಿನದು.

ಕೊನೆಗಾರರ ತಂಗಿಯನ್ನು ಕೊಟ್ಟದ್ದು ತುಮರಿಯ ಕಡೆಗೆ. ಹಾಗಾಗಿ ಬಿದ್ದ ಮೇಲೂ ಅವರು ಲಾಂಚಿನಲ್ಲಿ ದಾಟಿದ್ದರು, ಆದರೆ ಜೀಪಿನೊಳಗೆ ಕೂತು. ಇಳಿಸಿ ಹತ್ತಿಸುವ ರಗಳೆ ಯಾಕೆಂದು ಮನೆಯವರು ಜೀಪನ್ನು ಹಾಗೆಯೇ ಲಾಂಚಿಗೆ ಹತ್ತಿಸುತ್ತಿದ್ದರು. ಬಲಗಡೆ ಬಸ್ಸಿನ ಮಡ್‌ಗಾರ್ಡ್, ಎಡಗಡೆ ಯಾರದೋ ಕಾರಿನ ಬಾಗಿಲು, ಮುಂದೆ ಬೈಕುಗಳು. ನೀರು ಕಾಣುವುದೇ ಇಲ್ಲ. ತಾನು ದಾಟಿದ್ದು ಸಾಮಾನಿನ ಲೆಕ್ಕದಲ್ಲಿ ಎಂದು ಅವರು ಹೇಳುವುದಿತ್ತು. ಈ ಬಾರಿ ಕುರ್ಚಿಯಲ್ಲೇ ಇಳಿಯಬೇಕು, ಕುರ್ಚಿಯಲ್ಲೇ ಹತ್ತಬೇಕು, ಕಟಕಟೆಯ ಪಕ್ಕ ಕೂರಬೇಕು ಎಂದು ಗೊತ್ತು ಮಾಡಿಕೊಂಡೆವು. ಮಳೆಗಾಲ ಮುಗಿದು ಜಲಾಶಯ ತುಂಬಿರುವ ದಿನಗಳನ್ನು ಆರಿಸಿಕೊಂಡೆವು. ಹಬ್ಬ, ಭಾನುವಾರ ಬೇಡವೆಂದೆವು.

ದಡದಲ್ಲಿ ಮೊದಲ ತೊಡಕು ಕೆಂಪು ಮಣ್ಣು. ಗಾಲಿಕುರ್ಚಿಯ ಹಿಂದಿನ ದೊಡ್ಡ ಚಕ್ರಗಳು ಹೇಗೋ ಉರುಳುತ್ತವೆ, ಮುಂದಿನ ಪುಟ್ಟ ಚಕ್ರಗಳು ಮೆತ್ತನೆಯ ಮಣ್ಣಿನಲ್ಲಿ ಹೂತು ನಿಲ್ಲುತ್ತವೆ. ಆಗ ತಳ್ಳಿದರೆ ಕುರ್ಚಿ ನಿಂತೇ ಇರುತ್ತದೆ, ಕೂತವನು ಮುಂದಕ್ಕೆ ಮುಗ್ಗರಿಸುತ್ತಾನೆ. ಕೊನೆಗಾರರ ಭಾವ ಜೀಪಿನ ಹಿಂಬದಿಯಲ್ಲಿ ಅಡಿಕೆ ಮರ ಸೀಳಿದ ದಬ್ಬೆಗಳನ್ನು ಹಗ್ಗದಲ್ಲಿ ಹೆಣೆದು, ಸುರುಳಿ ಸುತ್ತಿ ತಂದಿದ್ದರು. ಅದನ್ನು ಹಾಸಿದರೆ ಗಟ್ಟಿ ದಾರಿ. ಇಳಿಜಾರು ಕಡಿದಾಗಿದ್ದಲ್ಲಿ ಕುರ್ಚಿಯನ್ನು ಹಿಮ್ಮುಖವಾಗಿ ತಿರುಗಿಸಿ, ಹಿಂದೆ ಒಬ್ಬರು ಆನಿಸಿಕೊಂಡು ಇಳಿಸಿದೆವು. ಮುಮ್ಮುಖವಾಗಿ ಇಳಿಸಿದರೆ ಸೊಂಟದ ಹಿಡಿತವಿಲ್ಲದವರು ಕುರ್ಚಿಯಿಂದ ಜಾರಿ ಬೀಳುತ್ತಾರೆ. ಆಸ್ಪತ್ರೆಯ ಇಳಿಜಾರಿನಲ್ಲೂ ಇದೇ ನಿಯಮ, ಪಾಲಿಸುವವರು ಕಡಿಮೆ.

ಲಾಂಚ್ ಬಂದು ದಡಕ್ಕೆ ಮೂತಿ ಆನಿಸಿತು. ಉಕ್ಕಿನ ಹಲಗೆ ಕೆಳಗಿಳಿಯಿತು. ಬಸ್ಸಿನ ಭಾರ ತಡೆಯುವ ಹಲಗೆ, ಅಗಲವೂ ಅಷ್ಟೇ. ಅದರ ಕೆಳ ಅಂಚು ನೆಲದಿಂದ ನಾಲ್ಕು ಬೆರಳು ಎತ್ತರ ನಿಂತಿತ್ತು. ದಬ್ಬೆಯ ಹಾಸನ್ನು ಅದರ ಬುಡಕ್ಕೆ ಸರಿಸಿ, ಮುಂದಿನ ಚಕ್ರಗಳನ್ನು ಎತ್ತಿ ಅಂಚಿನ ಮೇಲಿಟ್ಟು, ಹಿಂದಿನಿಂದ ಒಂದು ತಳ್ಳು. ಅಲ್ಲಿಂದ ಡೆಕ್ಕಿನವರೆಗೆ ಕೊನೆಗಾರರು ತಾವೇ ಹೋದರು. "ಕೈ ಬಿಡಿ" ಎಂದದ್ದು ತುಸು ಜೋರಾಗಿಯೇ ಇತ್ತು. ಸಿಬ್ಬಂದಿಯವರು ವಾಹನಗಳಿಗಿಂತ ಮೊದಲು ಅವರನ್ನು ಬಿಟ್ಟುಕೊಂಡು, ಕಟಕಟೆಯ ಪಕ್ಕ ಜಾಗ ಮಾಡಿಕೊಟ್ಟು, ಕಾರಿನ ಚಕ್ರಕ್ಕೆ ಇಡುವ ಅಡೆಯನ್ನೇ ಕುರ್ಚಿಯ ಚಕ್ರಕ್ಕೂ ಇಟ್ಟರು. ಮುಚ್ಚಳಿಕೆಯನ್ನು ಯಾರೂ ಕೇಳಲಿಲ್ಲ.

ಹತ್ತುವ ಮೊದಲೇ ನೋಡಿಕೊಂಡದ್ದು ಕೆಲವಿದ್ದವು. ಮೂತ್ರದ ಚೀಲ ಖಾಲಿ ಮಾಡಿಸಿದೆವು, ದಡದಲ್ಲಿ ಒಂದು ಅಡ್ಡ ಬಟ್ಟೆ ಹಿಡಿದರೆ ಆಯಿತು. ಲೈಫ್ ಜಾಕೆಟನ್ನು ಕುರ್ಚಿಯ ಬೆನ್ನಿಗೆ ಸೇರಿಸಿ ಕಟ್ಟದೆ ಮೈಗೆ ಮಾತ್ರ ಹಾಕಿಸಿದೆವು. ಮನುಷ್ಯನನ್ನು ಕುರ್ಚಿಗೆ ಬಿಗಿಯುವ ಸೊಂಟದ ಪಟ್ಟಿಯನ್ನು ಬಿಚ್ಚಿಟ್ಟೆವು. ದಡದ ಮೇಲೆ ಆ ಪಟ್ಟಿ ರಕ್ಷಣೆ. ನೀರಿಗೆ ಬಿದ್ದರೆ ಅದೇ ಪಟ್ಟಿ ಮನುಷ್ಯನನ್ನು ಮುಳುಗುವ ಕುರ್ಚಿಯ ಜೊತೆ ಕೆಳಗೆಳೆಯುತ್ತದೆ. ಕುರ್ಚಿಯನ್ನು ದೋಣಿಗೆ ಕಟ್ಟಬೇಕು, ಮನುಷ್ಯನನ್ನು ಕುರ್ಚಿಗೆ ಕಟ್ಟಬಾರದು. ಬಿಸಿಲಿಗೆ ಕಾದ ಉಕ್ಕಿನ ಡೆಕ್ಕು ಇನ್ನೊಂದು ಅಪಾಯ. ಪಾದ ಜಾರಿ ಅದಕ್ಕೆ ತಾಗಿದರೆ ಸುಟ್ಟದ್ದು ತಿಳಿಯದು. ಕಾಲಿಗೆ ದಪ್ಪ ಕಾಲುಚೀಲ ಮತ್ತು ಬೂಟು ಹಾಕಿಸಿದ್ದೆವು.

ದಾಟಲು ಕಾಲು ಗಂಟೆಯೋ ಇನ್ನೂ ಸ್ವಲ್ಪ ಹೆಚ್ಚೋ ಹಿಡಿಯಿತು. ಕಟಕಟೆ ಪೈಪಿನದಾಗಿದ್ದರಿಂದ ಕೂತವರ ಕಣ್ಣಿಗೆ ಅಡ್ಡವಿರಲಿಲ್ಲ. ಇದು ಆಕಸ್ಮಿಕ, ಆದರೆ ದೊಡ್ಡ ಸಂಗತಿ. ಗಾಲಿಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 1.1ರಿಂದ 1.2 ಮೀಟರ್ ಎತ್ತರದಲ್ಲಿರುತ್ತದೆ. ಸುರಕ್ಷತೆಗೆಂದು ಅಷ್ಟೇ ಎತ್ತರಕ್ಕೆ ತಗಡು ಹೊಡೆದರೆ ಅವರಿಗೆ ಕಾಣುವುದು ತಗಡು ಮಾತ್ರ. ಕೊನೆಗಾರರು ಮಾತಾಡಲಿಲ್ಲ ಎಂದೇನಿಲ್ಲ, ಎಡೆಬಿಡದೆ ಮಾತಾಡಿದರು. ನೀರಿನಲ್ಲಿ ನಿಂತಿರುವ ಒಣ ಮರದ ಬೊಡ್ಡೆಗಳು ಯಾವ ಜಾತಿಯವು, ಯಾವ ಗುಡ್ಡದ ಹಿಂದೆ ಯಾರ ತೋಟ ಮುಳುಗಿದೆ, ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಹಿರೇಭಾಸ್ಕರದ ಹಳೆಯ ಅಣೆಕಟ್ಟು ಹೇಗೆ ತಲೆ ಎತ್ತುತ್ತದೆ, ಎಲ್ಲ ಬಂತು. ನಡುನಡುವೆ ಎರಡೂ ಕೈ ಊರಿ ಮೈಯನ್ನು ಎತ್ತಿ ಇಳಿಸುತ್ತಿದ್ದರು. ಹುಣ್ಣಾಗದಂತೆ ಅರ್ಧ ಗಂಟೆಯೊಳಗೆ ಒಮ್ಮೆಯಾದರೂ ಹಾಗೆ ಮಾಡಲೇಬೇಕು. ಒಂದು ಗಂಟೆಯ ವಿಹಾರವೆಂದು ಟಿಕೆಟ್ ಮಾರುವವರು ಕೈ ಊರಲು ಜಾಗವಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಇಷ್ಟು ಹೇಳಿದ ಮೇಲೆ ಲಾಂಚನ್ನು ಹಾಡಿ ಹೊಗಳಿ ಮುಗಿಸಿದರೆ ಅದು ಪೂರ್ತಿ ಪ್ರಕರಣವಾಗುವುದಿಲ್ಲ. ಬೇಸಿಗೆಯ ಕೊನೆಗೆ ಅದೇ ದಡಕ್ಕೆ ನಾನೊಬ್ಬನೇ ಹೋಗಿ ನೋಡಿದೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ಮಳೆಗಾಲದ ಕೊನೆಗೂ ಬೇಸಿಗೆಯ ಕೊನೆಗೂ ನಡುವೆ ನೀರು ಹತ್ತಾರು ಅಡಿ ಇಳಿಯುತ್ತದೆ. ನೀರು ಇಳಿದಂತೆ ದಡ ದೂರ ಸರಿಯುತ್ತದೆ, ಹಾದಿ ಕಡಿದಾಗುತ್ತದೆ. ಮಳೆ ತಡವಾದ 2023ರ ಜೂನ್‌ನಲ್ಲಿ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಬೇಕಾಗಿ ಬಂದಿತ್ತು. ವಾಹನಕ್ಕಿಲ್ಲದ ದಾರಿ ಗಾಲಿಕುರ್ಚಿಗೆ ಎಲ್ಲಿಂದ ಬರಬೇಕು?

ಈ ಲೆಕ್ಕವೇ ಇಡೀ ಸಮಸ್ಯೆಯ ಬೇರು. ನಮ್ಮ ದೇಶದ ಮಾರ್ಗಸೂಚಿಯ ಪ್ರಕಾರ ಗಾಲಿಕುರ್ಚಿಯ ಇಳಿಜಾರು ಹಾದಿ 1:12ಕ್ಕಿಂತ ಕಡಿದಾಗಿರಬಾರದು. ಅಂದರೆ ಒಂದು ಅಡಿ ಇಳಿಯಲು ಹನ್ನೆರಡು ಅಡಿ ಉದ್ದದ ಹಾದಿ ಬೇಕು. ನೀರು 50 ಅಡಿ ಇಳಿಯುವ ಜಲಾಶಯದಲ್ಲಿ ಅದು 600 ಅಡಿ, ನಡುವೆ ನಿಂತು ಸುಧಾರಿಸಿಕೊಳ್ಳುವ ಸಮತಟ್ಟಿನ ಜಾಗಗಳನ್ನು ಸೇರಿಸಿದರೆ ಇನ್ನೂ ಹೆಚ್ಚು. ಅಮೆರಿಕದ 2010ರ ಮಾನದಂಡ ಈ ಕಷ್ಟವನ್ನು ಒಪ್ಪಿಕೊಂಡು, ತೇಲುಕಟ್ಟೆಗೆ ಇಳಿಯುವ ಸೇತುಹಲಗೆ 80 ಅಡಿ ಉದ್ದವಿದ್ದರೆ ಇಳಿಜಾರು ಹೆಚ್ಚಾದರೂ ನಡೆಯುತ್ತದೆ ಎನ್ನುತ್ತದೆ. ಕೊಚ್ಚಿಯ ವಾಟರ್ ಮೆಟ್ರೋ 2023ರ ಏಪ್ರಿಲ್‌ನಲ್ಲಿ ಶುರುವಾಯಿತು. ಅಲ್ಲಿನ ತೇಲುಕಟ್ಟೆ ದೋಣಿಯ ಡೆಕ್ಕಿಗೆ ಸರಿಸಮನಾಗಿ ನೀರಿನೊಡನೆ ಏರಿಳಿಯುತ್ತದೆ, ಗಾಲಿಕುರ್ಚಿ ನೇರವಾಗಿ ಒಳಗೆ ಉರುಳುತ್ತದೆ. ಅಂಗವಿಕಲರ ದೋಣಿ ವಿಹಾರ ಎಂದೊಡನೆ ನಮ್ಮ ಸಭೆಗಳಲ್ಲಿ ಎಲ್ಲರೂ ತೋರಿಸುವುದು ಅದನ್ನೇ. ಆದರೆ ಕೊಚ್ಚಿಯಲ್ಲಿ ಉಬ್ಬರವಿಳಿತದ ಅಂತರ ಹೆಚ್ಚೆಂದರೆ ಒಂದು ಮೀಟರಿನ ಆಸುಪಾಸು. ಅಲ್ಲಿಯ ಪರಿಹಾರವನ್ನು ತಂದು ಶರಾವತಿಗೋ ಭದ್ರೆಗೋ ಹಾಗೆಯೇ ನೆಟ್ಟರೆ, ಸಂಕ್ರಾಂತಿಯ ಹೊತ್ತಿಗೆ ಸೇತುಹಲಗೆ ಜಾರುಬಂಡಿಯಾಗಿ, ಯುಗಾದಿಯ ಹೊತ್ತಿಗೆ ತೇಲುಕಟ್ಟೆ ಕೆಸರಿನಲ್ಲಿ ಕೂತಿರುತ್ತದೆ.

ಲಾಂಚಿನ ಜಾಣತನ ಬೇರೆಯದು. ಅದಕ್ಕೆ ಕಟ್ಟೆಯೇ ಬೇಡ. ನೀರು ಎಲ್ಲಿದೆಯೋ ಅಲ್ಲಿಗೆ ಹೋಗಿ, ದಡಕ್ಕೆ ಮೂತಿ ಆನಿಸಿ, ಹಲಗೆ ಇಳಿಸುತ್ತದೆ. ಡೆಕ್ಕು ಸಮತಟ್ಟು, ಒಳಗೆ ಹೊಸ್ತಿಲಿಲ್ಲ, ಮೆಟ್ಟಿಲಿಲ್ಲ. ಅಂಗವಿಕಲರಿಗಾಗಿ ಅಲ್ಲದೆ ಲಾರಿ, ಬಸ್ಸುಗಳಿಗಾಗಿ ಹುಟ್ಟಿದ ಈ ವಿನ್ಯಾಸವನ್ನು ಹದಿನೈದು ಇಪ್ಪತ್ತು ಜನರ ಸಣ್ಣ ವಿಹಾರ ದೋಣಿಗೆ ಇಳಿಸುವುದು ಕಷ್ಟವಲ್ಲ. ಉಳಿಯುವ ಕೆಲಸ ದಡದ್ದು. ವರ್ಷದಲ್ಲಿ ಬೇರೆ ಬೇರೆ ನೀರಿನ ಮಟ್ಟಕ್ಕೆ ಹೊಂದುವ ಎರಡೋ ಮೂರೋ ಕಡವುಗಳನ್ನು, ಅಂದರೆ ದೋಣಿ ಹತ್ತಿ ಇಳಿಯುವ ಕಡೆಗಳನ್ನು, ಸೌಮ್ಯ ಇಳಿಜಾರಿನ ಜಾಗದಲ್ಲಿ ಆರಿಸಿ, ಅಲ್ಲಿಯವರೆಗೆ ವಾಹನ ಬರುವಂತೆ ಕಲ್ಲು ಹಾಸಬೇಕು. 600 ಅಡಿಯ ಕಾಂಕ್ರೀಟಿಗಿಂತ ಇದು ಅಗ್ಗ. ಇಷ್ಟಾದರೂ ವರ್ಷದ ಎಲ್ಲ ತಿಂಗಳಲ್ಲಿ ಗಾಲಿಕುರ್ಚಿ ಹತ್ತುತ್ತದೆ ಎಂದು ನಾನು ಹೇಳುವುದಿಲ್ಲ. ಯಾವ ತಿಂಗಳು ಹತ್ತುತ್ತದೆ, ಯಾವ ತಿಂಗಳು ಇಲ್ಲ ಎಂದು ಟಿಕೆಟ್ ಕೌಂಟರಿನಲ್ಲಿ ಬರೆದು ಹಾಕಿದರೆ, ಫೋನಿನಲ್ಲಿ ಕೇಳಿದಾಗ ಸರಿಯಾಗಿ ಹೇಳಿದರೆ ಸಾಕು. ದೂರದಿಂದ ಬಂದು ಮೆಟ್ಟಿಲು ನೋಡಿ ಮರಳುವುದು ತಪ್ಪುತ್ತದೆ.

ಕಾನೂನು ಯಾರ ಕಡೆಗಿದೆ ಎನ್ನುವುದರಲ್ಲಿ ಅನುಮಾನವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೆಯ ಕಲಮು ಎಲ್ಲ ಬಗೆಯ ಸಾರಿಗೆಯನ್ನೂ ಹೇಳುತ್ತದೆ, ತಾಂತ್ರಿಕವಾಗಿ ಸಾಧ್ಯವಿದ್ದು, ಸುರಕ್ಷಿತವಾಗಿದ್ದು, ಖರ್ಚು ಕೈಗೆಟುಕುವಂತಿದ್ದು, ವಿನ್ಯಾಸವನ್ನು ದೊಡ್ಡದಾಗಿ ಬದಲಿಸಬೇಕಿಲ್ಲದಿದ್ದರೆ ಹಳೆಯ ವಾಹನಗಳನ್ನೂ ಮಾರ್ಪಡಿಸಬೇಕು ಎನ್ನುತ್ತದೆ. 29ನೆಯ ಕಲಮು ಮನರಂಜನೆಯನ್ನೂ ಹಕ್ಕಿನೊಳಗೆ ತರುತ್ತದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸುಗಮ್ಯತೆಯ ಮಾನದಂಡಗಳು ಬರಿಯ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ನಿಯಮ ರೂಪಿಸಿ ಎಂದು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. 2011ರ ಜನಗಣತಿಯಲ್ಲೇ ರಾಜ್ಯದ ಅಂಗವಿಕಲರ ಸಂಖ್ಯೆ 13 ಲಕ್ಷ ದಾಟಿತ್ತು. ಆದರೂ ಮಾರ್ಗಸೂಚಿಗಳು ಕಟ್ಟಡದ ಬಾಗಿಲನ್ನು, ಬಸ್ ನಿಲ್ದಾಣವನ್ನು ವಿವರಿಸುವಷ್ಟು ಬಿಡಿಸಿ ಜಲಾಶಯದ ದಡವನ್ನು ವಿವರಿಸುವುದಿಲ್ಲ. ಟಿಕೆಟ್ ಕೌಂಟರಿಗೆ ಇಳಿಜಾರು ಹಾದಿ ಬಂದು, ಮುಂದೆ ಮೆಟ್ಟಿಲು ಉಳಿದದ್ದು ಇದರಿಂದಲೇ ಇರಬೇಕು: ಪರಿಶೀಲನೆಯ ಪಟ್ಟಿ ನೀರಿನ ಅಂಚಿಗೆ ಮುಗಿಯುತ್ತದೆ.

ಗಾಲಿಕುರ್ಚಿ ಬಳಸದ ಅಂಗವಿಕಲರ ಅಗತ್ಯ ಬೇರೆ. ಕುರುಡರಿಗೆ ಡೆಕ್ಕಿನ ಅಂಚು ಕಾಲಿಗೆ ತಿಳಿಯುವಂಥ ಪಟ್ಟಿ ಬೇಕು, ಬಲಕ್ಕೆ ಏನಿದೆ ಎಡಕ್ಕೆ ಏನಿದೆ ಎಂದು ಹೇಳುವ ಬಾಯಿ ಬೇಕು. ಕಿವುಡರಿಗೆ ಸುರಕ್ಷತೆಯ ಸೂಚನೆ ಚಿತ್ರದಲ್ಲಿ ಬೇಕು. ಈ ಪ್ರಕರಣ ಅದನ್ನು ಮುಟ್ಟಲಿಲ್ಲವಾದ್ದರಿಂದ ಬೆಳೆಸುವುದಿಲ್ಲ.

ಸೇತುವೆಯಾದ ಮೇಲೆ ಕೊನೆಗಾರರು ತಂಗಿಯ ಮನೆಗೆ ಆಟೋದಲ್ಲಿ ಹೋಗುತ್ತಾರೆ, ಕತ್ತಲಾದ ಮೇಲೂ ಬರುತ್ತಾರೆ. ಲಾಂಚೇ ಚೆಂದವಿತ್ತು ಎನ್ನುವ ಪ್ರವಾಸಿಗರ ಮಾತು ಕೇಳಿದರೆ ಅವರಿಗೆ ಸಿಟ್ಟು ಬರುತ್ತದೆ. ಬರಲೇಬೇಕು. ಸೇತುವೆಯ ಅಗತ್ಯ ಬೇರೆ, ವಿಹಾರದ ಆಸೆ ಬೇರೆ. ಆ ಎರಡನೆಯದಕ್ಕಾಗಿ ಸಣ್ಣ ದೋಣಿಯ ನಕ್ಷೆಯೊಂದನ್ನು ಬರೆದು ಅವರಿಗೆ ತೋರಿಸಿದೆ: ಮುಂದೆ ಇಳಿಯುವ ಹಲಗೆ, 900 ಮಿಲಿಮೀಟರ್ ಅಗಲದ ದಾರಿ, ಕುರ್ಚಿ ಪೂರ್ತಿ ತಿರುಗಲು 1500 ಮಿಲಿಮೀಟರ್ ಜಾಗ, ನೆಲದಲ್ಲಿ ಕುರ್ಚಿ ಕಟ್ಟುವ ಕೊಂಡಿ, ಮೇಲೆ ನೆರಳಿನ ಮಾಡು. ಗಾಲಿಕುರ್ಚಿಗಳ ಜಾಗವನ್ನು ನಡುವೆ, ಸಾಲಾಗಿ ಇಟ್ಟಿದ್ದೆ. ಅವರು ಬಹಳ ಹೊತ್ತು ನೋಡಿದರು.

"ನಾನು ಇಲ್ಲಿ, ಸರಿ. ಇವಳೆಲ್ಲಿ ಕೂರಬೇಕು?"

ಹೆಂಡತಿಯ ಬೆಂಚು ನನ್ನ ನಕ್ಷೆಯಲ್ಲಿ ಹಿಂದಿನ ಸಾಲಿನಲ್ಲಿತ್ತು. ಕುರ್ಚಿಯ ಜಾಗಗಳನ್ನು ಬಿಡಿಸಿ, ಒಂದೊಂದರ ಪಕ್ಕದಲ್ಲೂ ಮಡಚುವ ಆಸನವೊಂದನ್ನು ಸೇರಿಸುತ್ತಿದ್ದೇನೆ. ಹಾಗೆ ಮಾಡಿದರೆ ದೋಣಿ ಒಂದಡಿ ಅಗಲವಾಗಬೇಕು, ತೂಕದ ಲೆಕ್ಕ ಮತ್ತೆ ಹಾಕಬೇಕು. ದೋಣಿ ಕಟ್ಟುವವರೊಬ್ಬರ ಜೊತೆ ಆ ಮಾತು ನಡೆಯುತ್ತಿದೆ.